ಕಾಡು ಕಾಣದ ರೇನ್‌ಕೋಟ್ ಚಾಚಾ

ಕಳೆದ ವಾರ ಅಕ್ಕನ ಮಗಳು ರವೀಂದ್ರನಗರದ ನಮ್ಮ ಮನೆಯಲ್ಲಿದ್ದಾಗ ಅವಳ ಹೆಸರಿಗೆ ಒಂದು ಕೊರಿಯರ್ ಬಂತು. ಗೆಳತಿಯರ ಜೊತೆ ಚಾರಣಕ್ಕೆ ಹೊರಟಿದ್ದಳು. ಫೋನಿನಲ್ಲೇ ನೋಡಿ ಆರಿಸಿ ತರಿಸಿದ ಮಳೆ ಜಾಕೆಟ್ಟು. ಕವರು ಕತ್ತರಿಸಿದ್ದೇ ತಡ, ಹೊಸ ಛತ್ರಿ ಬಿಚ್ಚಿದಾಗ ಬರುವಂಥ ಒಂದು ವಾಸನೆ ಹಾಲಿನ ತುಂಬ ಹರಡಿತು. ರಬ್ಬರಿನದೋ, ಟಾರ್ಪಾಲಿಗೆ ಹಚ್ಚುವ ಮೇಣದ್ದೋ… ನಾನು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ.

ಅವಳು ಜಾಕೆಟ್ಟು ತೊಟ್ಟು ಕನ್ನಡಿ ಮುಂದೆ ತಿರುಗಿ, "ಹೆಂಗಿದೆ ಚಿಕ್ಕಿ?" ಎಂದಳು.

"ಎರಡೂ ಕೈ ಮೇಲೆತ್ತು," ಎಂದೆ.

ಎತ್ತಿದಳು. ಜಾಕೆಟ್ಟು ಹೊಕ್ಕುಳ ಮೇಲಕ್ಕೆ ಏರಿತು. ಕುಕ್ಕರಗಾಲಲ್ಲಿ ಕೂರಲು ಹೇಳಿದೆ. ಬೆನ್ನು ಬಿಗಿಯಿತು. ಒಂದು ಚೊಂಬು ನೀರು ತಂದು ತೋಳಿನ ಹೊಲಿಗೆಯ ಮೇಲೆ ಸುರಿದೆ. ಅವಳು ಬೆಚ್ಚಿ ಹಿಂದೆ ಸರಿದಳು. ಒಳಗಿನ ಅಂಗಿಯ ತೋಳು ಒದ್ದೆಯಾಗಿತ್ತು. ವಾಪಸ್ ಕಳಿಸು ಎಂದೆ. ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದಳು. ಅಂಗಡಿ ಚಾಚಾ ಎಂದೆ. ಯಾವ ಅಂಗಡಿ ಎಂದರೆ ತೋರಿಸಲು ಈಗ ಅದು ಇಲ್ಲ.

ಶಿವಮೊಗ್ಗದ ಗಾಂಧಿಬಜಾರಿನ ಒಂದು ಒಳಗಲ್ಲಿಯಲ್ಲಿತ್ತು. ಬೋರ್ಡು ಬಣ್ಣ ಹೋಗಿ ಓದಲು ಬರುತ್ತಿರಲಿಲ್ಲ. ರೇನ್‌ಕೋಟ್ ಅಂಗಡಿ ಎಂದರೆ ಆಟೋದವರಿಗೆ ಗೊತ್ತಾಗುತ್ತಿತ್ತು. ಒಳಗೆ ಹೋದರೆ ಸೂರಿನಿಂದ ನೇತು ಹಾಕಿದ ಕೋಟುಗಳು ಜನ ನಿಂತ ಹಾಗೆ ಕಾಣುತ್ತಿದ್ದವು. ಅವುಗಳ ಮಧ್ಯೆ ದಾರಿ ಮಾಡಿಕೊಂಡು ಹೋಗಬೇಕು. ಹಗ್ಗದ ಸುರುಳಿ, ಗಮ್‌ಬೂಟು, ಟಾರ್ಚು, ಮಚ್ಚು, ಕುಡುಗೋಲು, ಕಂಬಳಿ. ತೋಟದವರು, ಎಸ್ಟೇಟಿಗೆ ಆಳು ಕರೆದೊಯ್ಯುವವರು, ಲಾರಿ ಡ್ರೈವರುಗಳು ಅವರ ಖಾಯಂ ಗಿರಾಕಿಗಳು. ನಮ್ಮಂಥವರಿಗೆ, ಅಂದರೆ ರಜೆಯಲ್ಲಿ ಕಾಡಿಗೆ ಹೋಗಿ ಕಟ್ಟಿಗೆಯ ಮೇಲೆ ಅನ್ನ ಬೇಯಿಸಿ ತಿಂದು ಬರುವ ಹುಚ್ಚಿನವರಿಗೆ, ಹಿಂದೆ ಒಂದು ಮೂಲೆ.

ನಾನು ಮೊದಲು ಅಲ್ಲಿ ಕಾಲಿಟ್ಟು ಹತ್ತು ವರ್ಷದ ಮೇಲಾಯಿತು. ಬ್ಯಾಂಕಿನ ಕೆಲಸ, ರವೀಂದ್ರನಗರದಲ್ಲಿ ಬಾಡಿಗೆ ಮನೆ, ದಿನಾ ಅದೇ ಸಿಟಿ ಬಸ್ಸು. ನಮ್ಮ ಬ್ರಾಂಚಿನ ನಾಲ್ಕೈದು ಹೆಂಗಸರು ಸೇರಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ತೋರಿಸುವವರೊಬ್ಬರನ್ನು ಗೊತ್ತು ಮಾಡಿಕೊಂಡು ಘಟ್ಟದ ಕಾಡಿನಲ್ಲಿ ಒಂದು ರಾತ್ರಿ ಇದ್ದು ಬರೋಣ ಎಂದುಕೊಂಡೆವು. ಅಲ್ಲಿಯವರೆಗೆ ನಾನು ಈಳಿಗೆಮಣೆ ಬಿಟ್ಟು ಬೇರೆ ಅಲಗು ಹಿಡಿದವಳಲ್ಲ.

ಚಾಚಾ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಮೆಹಂದಿ ಹಚ್ಚಿ ಕೆಂಪಾದ ಗಡ್ಡ, ಬೇಸಿಗೆಯಲ್ಲೂ ಬಿಡದ ತೋಳಿಲ್ಲದ ಸ್ವೆಟರು, ಅತ್ತರಿನ ಪರಿಮಳ. ತಮ್ಮ ಮಾತಿನ ಮೇಲೆ ತಮಗೆ ಬಹಳ ಪ್ರೀತಿ ಇದ್ದವರು. ನಾನು ಒಂದು ಚಾಕು ಬೇಕಿತ್ತು ಎಂದೆ.

"ಯಾವ ಕೆಲ್ಸಕ್ಕೆ?"

"ಕಾಡಿಗೆ ಹೋಗ್ತಿದೀವಿ."

"ಕಾಡಿಗೆ ಹೋಗೋದು ಕೆಲ್ಸ ಅಲ್ಲಮ್ಮ. ಅಲ್ಲಿ ಹೋಗಿ ಏನು ಕತ್ತರಿಸ್ತೀರಿ?"

ಗಾಜಿನ ಕಪಾಟಿನಲ್ಲಿದ್ದ ದೊಡ್ಡ ಚಾಕುವೊಂದನ್ನು ತೋರಿಸಿದೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ನೋಡಿದರೇ ಹುಲಿ ಹೊಡೆಯಬಹುದು ಅನ್ನಿಸುವಂತಿತ್ತು. ಚಾಚಾ ಅದನ್ನು ತೆಗೆಯಲೇ ಇಲ್ಲ. ಅದರ ಹಿಡಿ ಟೊಳ್ಳು, ಒಂದು ಸಲ ಕಟ್ಟಿಗೆ ಸೀಳಿದರೆ ಅಲಗು ಒಂದು ಕಡೆ ಹಿಡಿ ಒಂದು ಕಡೆ ಎಂದರು. ಹಾಗಾದರೆ ಮಾರಲು ಯಾಕೆ ಇಟ್ಟಿದ್ದೀರಿ ಎಂದು ಕೇಳಿದೆ.

"ನೋಡೋಕೆ ಇಟ್ಟಿರೋದು. ಅದನ್ನ ನೋಡಿ ಒಳಗೆ ಬರ್ತಾರೆ, ಇದನ್ನ ತಗೊಂಡು ಹೋಗ್ತಾರೆ," ಎಂದು ಡ್ರಾಯರಿನಿಂದ ಒಂದು ಸಣ್ಣ ಚಾಕು ತೆಗೆದು ಮುಂದಿಟ್ಟರು.

ಅಂಗೈಯಷ್ಟು ಉದ್ದದ ಅಲಗು. ಒಂದೇ ಉಕ್ಕಿನ ಪಟ್ಟಿ ಹಿಡಿಯ ಕೊನೆಯವರೆಗೂ ಹೋಗಿತ್ತು. ಎರಡು ಕಡೆ ಮರದ ಚಕ್ಕೆ ಕೂರಿಸಿ ಮೊಳೆ ಬಡಿದಿದ್ದರು. ನೋಡಲು ಏನೂ ಇಲ್ಲ. ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿಸಿ, ಒದ್ದೆ ಕೈಗೆ ಅಂಥವೇ ಎರಡು ಚಾಕು ಒಂದೊಂದಾಗಿ ಕೊಟ್ಟು, ಅಡಿಕೆ ದಬ್ಬೆಯ ತುಂಡೊಂದನ್ನು ಕೆತ್ತಲು ಹೇಳಿದರು. ದಪ್ಪ ಹಿಡಿಯದು ನನ್ನ ಕೈಯಲ್ಲಿ ತಿರುಗಿತು. ತೆಳು ಹಿಡಿಯದು ನಿಂತಿತು. ಅದನ್ನೇ ಕೊಟ್ಟರು. ಈ ಉಕ್ಕು ತುಕ್ಕು ಹಿಡಿಯುತ್ತದೆ, ಬಂದ ಮೇಲೆ ಒರೆಸಿ ಕೊಬ್ಬರಿ ಎಣ್ಣೆ ಸವರಿಡಬೇಕು, ಆದರೆ ಮೊಂಡಾದರೆ ಯಾವ ಸಾಣೆಕಲ್ಲಿನ ಮೇಲೂ ಮತ್ತೆ ಹರಿತವಾಗುತ್ತದೆ ಎಂದರು. ಹೊಳೆಯುವ ಚಾಕು ತುಕ್ಕು ಹಿಡಿಯುವುದಿಲ್ಲ, ಆದರೆ ಕಾಡಿನಲ್ಲಿ ಮೊಂಡಾದರೆ ಅದನ್ನು ಮಸೆದು ಸಾಕಾಗುತ್ತದಂತೆ. ಯಾವಾಗಲೂ ಮೈಯಿಂದ ಆಚೆಗೆ ಕೆತ್ತಬೇಕು, ತೊಡೆಯ ಮೇಲೆ ಇಟ್ಟುಕೊಂಡು ಕೆತ್ತಲೇಬಾರದು ಎಂದು ಸ್ಟೂಲಿನ ಮೇಲೆ ಕೂತು ತೋರಿಸಿಕೊಟ್ಟರು.

ಆಮೇಲೆ ನನ್ನ ಜೀನ್ಸ್ ಪ್ಯಾಂಟು ನೋಡಿ ತಲೆ ಆಡಿಸಿದರು. "ಇದು ನೆನೆದ್ರೆ ಒಣಗಲ್ಲ, ಭಾರ ಬೇರೆ. ಕಾಡಲ್ಲಿ ಹತ್ತಿ ಬಟ್ಟೆ ನೆನೆದ್ರೆ ಶತ್ರು. ಉಣ್ಣೆ ನೆನೆದ್ರೂ ನೆಂಟನೇ." ಬೇಗ ಒಣಗುವ ತೆಳು ಪ್ಯಾಂಟು, ಉದ್ದ ತೋಳಿನ ಅಂಗಿ, ಚುಚ್ಚುವಂಥ ಒಂದು ಒರಟು ಉಣ್ಣೆಯ ಸ್ವೆಟರು, ಅದರ ಮೇಲೆ ಸಡಿಲವಾದ ರೇನ್‌ಕೋಟು. ಕೈ ಎತ್ತಿಸಿದ್ದು, ಕೂರಿಸಿದ್ದು, ಮಗ್ಗಿನಲ್ಲಿ ನೀರು ಸುರಿದದ್ದು ಆಗಲೇ. ಬೇರೆ ಗಿರಾಕಿಗಳು ನಿಂತು ನೋಡುತ್ತಿದ್ದರು, ನನಗೆ ನಾಚಿಕೆಯಾಗಿ ಹೋಯಿತು.

ಎಲ್ಲ ಕಟ್ಟಿಕೊಟ್ಟ ಮೇಲೆ ಒಂದು ಷರತ್ತು ಹಾಕಿದರು. ವಾಪಸ್ ಬಂದ ಮೇಲೆ ಅಂಗಡಿಗೆ ಬಂದು ಹೇಳಿಹೋಗಬೇಕು.

"ಫೋನ್ ಮಾಡ್ತೀನಿ ಬಿಡಿ ಚಾಚಾ."

"ಫೋನು ಬೇಡ. ಬಂದು ಮುಖ ತೋರಿಸ್ಬೇಕು. ಇಲ್ಲಾಂದ್ರೆ ಇದೆಲ್ಲ ಇಲ್ಲೇ ಇಟ್ಟು ಹೋಗಿ."

ವ್ಯಾಪಾರಸ್ಥರ ಚಮತ್ಕಾರ, ಇನ್ನೊಮ್ಮೆ ಕರೆಸಿ ಇನ್ನೇನಾದರೂ ಮಾರುವ ಉಪಾಯ ಎಂದುಕೊಂಡು ಹೂಂ ಎಂದೆ.

ಕಾಡಿನಲ್ಲಿ ಎರಡನೆಯ ದಿನ ಮಧ್ಯಾಹ್ನ ನಾನು ಹಳ್ಳಕ್ಕೆ ಬಿದ್ದೆ. ಪಾಚಿ ಕಟ್ಟಿದ ಬಂಡೆ, ಕಾಲು ಜಾರಿತು, ಕುತ್ತಿಗೆಯವರೆಗೆ ನೀರು. ಎಳೆದು ಮೇಲೆ ಹಾಕುವಷ್ಟರಲ್ಲಿ ಕಾಲವಲ್ಲದ ಕಾಲಕ್ಕೆ ಮಳೆ ಶುರುವಾಯಿತು. ಹಲ್ಲು ಕಟಕಟ ಅನ್ನತೊಡಗಿ ನಿಲ್ಲಲೇ ಇಲ್ಲ. ಮಾತಾಡಲು ಹೋದರೆ ನಾಲಿಗೆ ಹೊರಳುತ್ತಿರಲಿಲ್ಲ. ದಾರಿ ತೋರಿಸುವವರ ಮುಖ ನೋಡಿಯೇ ಇದು ತಮಾಷೆಯಲ್ಲ ಎಂದು ಗೊತ್ತಾಯಿತು. ಟಾರ್ಪಾಲು ಕಟ್ಟಿದರು. ಗೆಳತಿಯರು ಒದ್ದೆ ಅಂಗಿ ಬಿಚ್ಚಿಸಿ, ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಆ ಚುಚ್ಚುವ ಸ್ವೆಟರು ಹಾಕಿಸಿದರು. ಸುತ್ತ ಒಂದು ಒಣ ಕಡ್ಡಿ ಇಲ್ಲ. ದಾರಿ ತೋರಿಸುವವರು ನನ್ನ ಸಣ್ಣ ಚಾಕುವನ್ನೇ ತೆಗೆದುಕೊಂಡು, ಒದ್ದೆ ಕೊರಡಿನ ಮೇಲಿಟ್ಟು ಇನ್ನೊಂದು ಕಟ್ಟಿಗೆಯಿಂದ ಅಲಗಿನ ಬೆನ್ನಿಗೆ ಬಡಿದು ಸೀಳಿದರು. ಮೇಲೆಲ್ಲ ನೆನೆದ ಕೊರಡು ಒಳಗೆ ಒಣಗೇ ಇತ್ತು. ಆ ಒಳ ತಿರುಳನ್ನು ಹೂವಿನ ಎಸಳಿನಂತೆ ತೆಳ್ಳಗೆ ಕೆತ್ತಿ ಬೆಂಕಿ ಹಚ್ಚಿದರು. ಬಿಸಿ ನೀರು ಗಂಟಲಿಗೆ ಇಳಿದ ಮೇಲೆ ನನಗೆ ಅಳು ಬಂತು. ನಡುಕ ನಿಂತದ್ದಕ್ಕೆ ಬಂದ ಅಳು ಅದು…

ಊರಿಗೆ ಬಂದು ಎರಡು ದಿನ ಜ್ವರ. ಎದ್ದ ಮೇಲೆ ಮೊದಲು ಹೋದದ್ದು ಅಂಗಡಿಗೆ. ಚಾಚಾ ನನ್ನನ್ನು ಕಂಡು ಗಲ್ಲಾಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ ಎದ್ದು ನಿಂತರು. ಏನನ್ನೂ ಕೇಳದೆ ಟೀಗೆ ಹೇಳಿಕಳಿಸಿದರು. ಕೂತು ಎಲ್ಲವನ್ನೂ ಹೇಳಿಸಿಕೊಂಡರು. ಚಾಕುವಿನ ಬೆನ್ನಿಗೆ ಬಡಿದಾಗ ಮೊಳೆ ಸಡಿಲಾಯಿತೇ, ಕೋಟಿನ ಟೋಪಿ ಗಾಳಿಗೆ ಹಾರಿತೇ, ಸ್ವೆಟರು ಒಣಗಲು ಎಷ್ಟು ಹೊತ್ತಾಯಿತು… ಕಾಲುಚೀಲದೊಳಗೆ ಸುಣ್ಣ ಸವರಿದರೆ ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತುವುದಿಲ್ಲ ಎಂದು ಅವರು ಹೇಳಿದ್ದು ಸುಳ್ಳಾಗಿತ್ತು. ನನ್ನ ಕಾಲಿನ ಗಾಯ ತೋರಿಸಿದರೂ ಒಪ್ಪಲಿಲ್ಲ. ನೀವು ಹಚ್ಚಿದ್ದು ಸರಿಯಿಲ್ಲ ಎಂದು ವಾದ ಮಾಡಿದರು.

"ನೀವು ಯಾವ ಯಾವ ಕಾಡಿಗೆ ಹೋಗಿದ್ದೀರಿ ಚಾಚಾ?" ಎಂದು ಕೇಳಿದೆ.

"ನಾನಾ? ನಂಗೆ ಕಾಡು ಆಗಲ್ಲಮ್ಮ. ಇಂಬಳ ಅಂದ್ರೆ ಮೈಯೆಲ್ಲ ಜುಮ್ಮನ್ನುತ್ತೆ. ಇಷ್ಟು ವಯಸ್ಸಾಯ್ತು, ಒಂದು ದಿನ ಒಳಗೆ ಕಾಲಿಟ್ಟಿಲ್ಲ."

ನಾನು ನಕ್ಕುಬಿಟ್ಟೆ. ಅವರಿಗೆ ಗೊತ್ತಿದ್ದದ್ದೆಲ್ಲ ಹೀಗೆ ಹೋಗಿ ಬಂದವರಿಂದ ಕೇಳಿ ಕೇಳಿ ಕೂಡಿಸಿಕೊಂಡದ್ದು. ನಾನು ನಕ್ಕದ್ದಕ್ಕೆ ಅವರಿಗೆ ಬೇಜಾರಾಗಲಿಲ್ಲ. ಆದರೆ ಮುಖ ತೋರಿಸಬೇಕು ಎಂಬ ಹಟ ಯಾಕೆ ಎಂದು ಕೇಳಿದಾಗ ಹಗ್ಗದ ತುದಿಯೊಂದನ್ನು ಹೊಸೆಯತೊಡಗಿದರು.

ಆಮೇಲೆ ನಾನು ಹೋದಾಗಲೆಲ್ಲ ಟೀ ಬರುತ್ತಿತ್ತು. ಆ ವರ್ಷ ಮೂರ್ನಾಲ್ಕು ಸಲ ಕಾಡಿಗೆ ಹೋಗಿರಬೇಕು. ಒಂದೊಂದು ಸಲವೂ ಬಂದು ಹೇಳಿದೆ. ಅಮ್ಮ ಎನ್ನುತ್ತಿದ್ದವರು ಯಾವಾಗಲೋ ಬೇಟಾ ಎನ್ನತೊಡಗಿದರು. ಮಳೆಗಾಲ ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ನಾನು ಕೇಳದೆಯೇ ಹೇಳಿದರು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ರಂಜಾನಿನ ಉಪವಾಸದ ದಿನಗಳು. ಸಂಜೆ ಮಸೀದಿಯ ಬಾಂಗ್ ಆಗಿ ಉಪವಾಸ ಬಿಡುವ ಹೊತ್ತು ಹತ್ತಿರವಾಗಿ ಶಟರು ಅರ್ಧ ಎಳೆದಿದ್ದರಂತೆ. ಕಾಲೇಜು ಓದುವ ಹುಡುಗನೊಬ್ಬ ಬಗ್ಗಿ ಒಳಗೆ ಬಂದ. ಎಡ ಹುಬ್ಬಿನ ಅರ್ಧ ಭಾಗ ಬೆಳ್ಳಗಿತ್ತು, ಹುಟ್ಟಿನಿಂದಲೇ ಇರಬೇಕು. ರೇನ್‌ಕೋಟ್ ಕೇಳಿದ. ಕೈಗೆ ಸಿಕ್ಕಿದ್ದನ್ನು ಎಳೆದು ಕೊಟ್ಟರು. ಅದು ಊರೊಳಗೆ ಸ್ಕೂಟರಿನಲ್ಲಿ ಹೋಗುವವರಿಗೆ ಮಾಡಿದ ತೆಳು ಪ್ಲಾಸ್ಟಿಕ್ಕಿನದು. ಹುಡುಗ ಅದನ್ನು ಬೆಳಕಿಗೆ ಹಿಡಿದು, "ಕಾಡಿಗೆ ಹೋಗ್ತಿದೀವಿ, ಘಟ್ಟ ಹತ್ತೋಕೆ. ಇದು ಸಾಕಾಗುತ್ತಾ?" ಎಂದ.

"ಸಾಕು ಸಾಕು ಅಂದೆ ಬೇಟಾ. ತಿರುಗಿ ಸಹ ನೋಡಲಿಲ್ಲ. ಕಾಗದನಗರಕ್ಕೆ ಹೋಗ್ಬೇಕು, ಬಸ್ಸು ಸಿಗುತ್ತಾ ಅಂದ. ಸಿಗುತ್ತೆ ಹೋಗು ಅಂದೆ. ಅಷ್ಟೇ."

ಮುಂದಿನ ವಾರ ಪೇಪರಿನಲ್ಲಿ ಸಣ್ಣ ಸುದ್ದಿ. ಘಟ್ಟ ಹತ್ತಲು ಹೋದ ಯುವಕನೊಬ್ಬ ಮಳೆಯಲ್ಲಿ ದಾರಿ ತಪ್ಪಿ, ಚಳಿಗೆ ಸಿಕ್ಕು ತೀರಿಕೊಂಡಿದ್ದ. ಫೋಟೋ ಇರಲಿಲ್ಲ. ಯಾವ ಊರಿನವನು ಎಂದು ಓದಲು ಚಾಚಾಗೆ ಧೈರ್ಯ ಬರಲಿಲ್ಲ. ಪೇಪರು ಮಡಿಸಿ ಒಲೆಗೆ ಹಾಕಿದರಂತೆ. ಕಾಗದನಗರಕ್ಕೆ, ಅಂದರೆ ಭದ್ರಾವತಿಯ ಪೇಪರ್ ಮಿಲ್ಲಿನ ಕಾಲೊನಿಗೆ, ಹೋಗಿ ವಿಚಾರಿಸಬಹುದಿತ್ತು. ಹೋಗಲು ಕಾಲು ಬರಲಿಲ್ಲ. ಒಂದು ಸಲ ಭದ್ರಾವತಿ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು ವಾಪಸ್ ಬಂದಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಅಪ್ಪ ಅಮ್ಮ ಆಗಿನ್ನೂ ಕಾಗದನಗರದ ಕ್ವಾರ್ಟರ್ಸಿನಲ್ಲೇ ಇದ್ದರು. ನಾನು ಹುಟ್ಟಿ ಬೆಳೆದದ್ದೇ ಅಲ್ಲಿ. ಅದು ಚಾಚಾಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಆ ಹುಡುಗ ನಿಜವಾಗಿ ಹೋಗಿಬಿಟ್ಟಿದ್ದರೆ? ಕೇಳಿಕೊಂಡು ಬಂದ ಮೇಲೆ ಹೇಳದೆ ಇರಲು ನನ್ನಿಂದಾಗುತ್ತದೆಯೇ? ಗೊತ್ತಿಲ್ಲದೆ ಇರುವುದೇ ಅವರಿಗೆ ಇಷ್ಟು ವರ್ಷ ಒಂದು ಆಸರೆಯಾಗಿತ್ತೇನೋ… ಟೀ ಕುಡಿದು ಎದ್ದು ಬಂದೆ.

ಆದರೆ ತಲೆಯಿಂದ ಹೋಗಲಿಲ್ಲ. ಭಾನುವಾರ ಊರಿಗೆ ಹೋದೆ. ಅಮ್ಮ ಹೊರಗೆ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಕಾಗದನಗರದ ಯಾವ ಮನೆಯಲ್ಲಿ ಯಾರು ಯಾವಾಗ ಹುಟ್ಟಿದರು, ಯಾರಿಗೆ ಎಲ್ಲಿಗೆ ಮದುವೆಯಾಯಿತು ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಪಕ್ಕದಲ್ಲಿ ಕೂತು ನಾನೂ ಕಾಯಿ ಬಿಡಿಸುತ್ತಾ, ಸಹಜವಾಗಿ ಕೇಳುವ ಹಾಗೆ, ಎಡ ಹುಬ್ಬು ಬೆಳ್ಳಗಿದ್ದ ಹುಡುಗ ಯಾರಾದರೂ ನಮ್ಮ ಕಡೆ ಇದ್ದನೇ ಎಂದೆ.

"ಬಿಳಿ ಹುಬ್ಬಾ? ಹಿಂದಿನ ಲೈನಿನ ತಮಿಳು ಅಕ್ಕನ ಮಗ," ಎಂದಳು ಅಮ್ಮ, ಯೋಚಿಸಲೂ ಇಲ್ಲ. "ಪಾಪ, ಆ ಅಕ್ಕ. ನೀನು ಚಿಕ್ಕವಳು ಆಗ. ಮನೆ ಖಾಲಿ ಮಾಡ್ಕೊಂಡು ಹೋಗೋವಾಗ ನನ್ನ ತಬ್ಕೊಂಡು ಎಷ್ಟು ಅತ್ಲು ಗೊತ್ತಾ."

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಯಾಕೆ ಖಾಲಿ ಮಾಡಿದ್ರು?"

"ಅವರ ಯಜಮಾನ್ರು ರಿಟೈರಾದ್ರಲ್ಲ. ಕ್ವಾರ್ಟರ್ಸು ಬಿಡ್ಬೇಕಲ್ವಾ."

"ಮಗ?"

"ಮಗಂಗೇನು? ಭದ್ರಾವತಿ ಪೇಟೇಲಿ ಲೇತ್ ಹಾಕ್ಕೊಂಡಿದಾನೆ. ಹೊಟ್ಟೆ ಬಂದಿದೆ. ಮೊನ್ನೆ ತರಕಾರಿ ಮಾರ್ಕೆಟ್ಟಲ್ಲಿ ಸಿಕ್ಕಿ ಹೆಂಗಿದೀರ ಆಂಟಿ ಅಂದ. ಯಾಕೆ, ಏನಾಯ್ತೇ? ಯಾಕೆ ಅಳ್ತೀಯ?"

ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅವರೆಕಾಯಿಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡೆ.

ಲೇತ್ ಅಂಗಡಿ ಭಾನುವಾರವೂ ತೆರೆದಿತ್ತು. ಕಬ್ಬಿಣದ ಪುಡಿ ಮೆತ್ತಿದ ಬನಿಯನ್ನಿನಲ್ಲಿ ಒಬ್ಬರು ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿದರು. ಕೂದಲು, ಹುಬ್ಬು ಎಲ್ಲ ಅರ್ಧಕ್ಕರ್ಧ ನರೆತಿದ್ದರಿಂದ ಬಿಳಿ ಹುಬ್ಬು ಯಾವುದು ಎಂದು ಹುಡುಕಬೇಕಾಯಿತು. ಯಾರ ಮಗಳು ಎಂದು ಹೇಳಿಕೊಂಡೆ. ಅಣ್ಣ, ನೀವು ಕಾಲೇಜಿನಲ್ಲಿದ್ದಾಗ ಶಿವಮೊಗ್ಗದಲ್ಲಿ ಒಂದು ರೇನ್‌ಕೋಟು ತಗೊಂಡಿದ್ದಿರಾ ಎಂದು ಕೇಳಿದೆ. ಬೇರೆ ಹೇಗೆ ಶುರು ಮಾಡುವುದು ಎಂದು ತಿಳಿಯಲಿಲ್ಲ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ನಿಧಾನವಾಗಿ ನೆನಪು ಮಾಡಿಕೊಂಡು ಹೇಳಿದರು. ಮೂವರು ಗೆಳೆಯರು ಹೋಗಿದ್ದರಂತೆ. ಹತ್ತಲು ಶುರು ಮಾಡಿ ಸ್ವಲ್ಪ ಹೊತ್ತಿಗೇ ಮುಳ್ಳಿಗೆ ಸಿಕ್ಕಿ ಕೋಟು ತೋಳಿನಿಂದ ಸೊಂಟದವರೆಗೆ ಹರಿಯಿತು. ಮಳೆ ಜೋರಾಯಿತು. ಇವರಿಗೆ ನಡುಕ ಹತ್ತಿತು. ಗೆಳೆಯರು ಬೈದುಕೊಂಡೇ ಇವರನ್ನು ಕರೆದುಕೊಂಡು ಇಳಿದರು.

"ಅದು ಹರಿದಿದ್ದೇ ಒಳ್ಳೇದಾಯ್ತಮ್ಮ. ಗಟ್ಟಿ ಕೋಟಾಗಿದ್ರೆ ನಾವೂ ಮೇಲೆ ಹೋಗ್ತಿದ್ವಿ," ಎಂದು ಕೈ ಒರೆಸಿಕೊಂಡರು. "ಇಳಿಯೋವಾಗ ಬೇರೆ ಒಂದು ಗುಂಪು ಎದುರಾಯ್ತು. ಯಾವ ಊರೋ, ಕೇಳ್ಲಿಲ್ಲ. ಮಳೆ ಜಾಸ್ತಿ ಇದೆ, ಹೋಗ್ಬೇಡಿ ಅಂದ್ವಿ. ನಕ್ಕೊಂಡು ಹೋದ್ರು. ಅವರಲ್ಲೊಬ್ಬ ಬರ್ಲಿಲ್ಲ."

ಅವರೂ ಅಂದಿನಿಂದ ಘಟ್ಟದ ಕಡೆ ಹೋಗಿಲ್ಲವಂತೆ. ಚಾಚಾನ ವಿಷಯ ಹೇಳಿದೆ. ಅವರು ಒಳಗೆ ಹೋಗಿ ಕೈಕಾಲು ತೊಳೆದು, ಅಂಗಿ ಹಾಕಿಕೊಂಡು ಬಂದು, ಈಗಲೇ ಹೋಗಬಹುದಾ ಎಂದು ಕೇಳಿದರು. ಭಾನುವಾರ ಚಾಚಾನ ಅಂಗಡಿ ಮಧ್ಯಾಹ್ನದವರೆಗೆ ಮಾತ್ರ ಇರುತ್ತಿತ್ತು. ಮಾರನೆಯ ದಿನಕ್ಕೆ ಗೊತ್ತು ಮಾಡಿಕೊಂಡೆವು.

ಸೋಮವಾರ ಬ್ಯಾಂಕಿನಿಂದ ಪರ್ಮಿಷನ್ ಹಾಕಿ ಬಂದೆ. ಬಸ್ ಸ್ಟ್ಯಾಂಡಿನಿಂದ ಅಣ್ಣನನ್ನು ಕರೆದುಕೊಂಡು ಹೋದೆ. ಚಾಚಾ ಗಮ್‌ಬೂಟು ಜೋಡಿಸುತ್ತಿದ್ದರು. ಇವರನ್ನು ಗಿರಾಕಿ ಎಂದುಕೊಂಡು ಯಾವ ಕೆಲ್ಸಕ್ಕೆ ಎಂದು ಕೇಳಿದರು.

"ಚಾಚಾ, ಇವರು ಕಾಗದನಗರದೋರು," ಎಂದೆ. "ರೇನ್‌ಕೋಟು ತಗೊಂಡಿದ್ರಲ್ಲ ನಿಮ್ಮತ್ರ. ರಂಜಾನ್ ಟೈಮಲ್ಲಿ."

ಚಾಚಾನ ಕೈಯಲ್ಲಿದ್ದ ಬೂಟು ಕೆಳಗೆ ಬೀಳಲಿಲ್ಲ. ಅದನ್ನು ಜೋಪಾನವಾಗಿ ಅದರ ಜೋಡಿಯ ಪಕ್ಕ ಇಟ್ಟರು. ಎದ್ದು ಬಂದು ಅಣ್ಣನ ಮುಖಕ್ಕೆ ಮುಖ ತಂದು ನೋಡಿದರು. ಎಡ ಹುಬ್ಬು ನೋಡಿದರು, ಬಲ ಹುಬ್ಬು ನೋಡಿದರು. ಎರಡೂ ನರೆತಿದ್ದವು.

"ಅಲ್ಲ," ಎಂದರು. "ಇವರಲ್ಲ. ಅವನು ಕಡ್ಡಿ ಥರ ಇದ್ದ. ಬೇಟಾ, ನನ್ನ ಸಮಾಧಾನಕ್ಕೆ ಅಂತ ಯಾರನ್ನೋ ಕರ್ಕೊಂಡು ಬಂದಿದೀಯ. ಬೇಡ."

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಏನು ಹೇಳಿದರೂ ಅವರು ತಲೆ ಅಲ್ಲಾಡಿಸುತ್ತಿದ್ದರು. ಇಷ್ಟು ವರ್ಷ ಹೊತ್ತ ಭಾರವನ್ನು ಇಳಿಸು ಎಂದರೆ ಮನುಷ್ಯ ಒಮ್ಮೆಲೇ ಇಳಿಸುವುದಿಲ್ಲ. ಕೊನೆಗೆ ಅವರೇ ಗಿರಾಕಿಗಳನ್ನು ಕೇಳುವ ಗತ್ತಿನಲ್ಲಿ, "ಯಾವ ಬಣ್ಣ ಕೋಟು?" ಎಂದರು.

"ನೀಲಿ ಕೇಳಿದೆ ಸಾಬ್ರೆ," ಎಂದರು ಅಣ್ಣ. "ನೀವು ಹಸಿರು ಕೊಟ್ರಿ. ನೀಲಿ ಇಲ್ವಾ ಅಂದ್ರೆ ಮಳೆಗೆ ಬಣ್ಣ ಕಾಣಲ್ಲ ಹೋಗು ಅಂದ್ರಿ. ಶಟರು ಅರ್ಧ ಇತ್ತು, ಹೊರಗೆ ಬರೋವಾಗ ತಲೆ ಹೊಡ್ಕೊಂಡೆ. ಅದಕ್ಕೂ ಬೈದ್ರಿ."

ಚಾಚಾ ಟಾರ್ಪಾಲಿನ ಸುರುಳಿಯ ಮೇಲೆ ಕೂತುಬಿಟ್ಟರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತುಟಿ ಅಲುಗುತ್ತಿತ್ತು, ದುವಾ ಮಾಡುತ್ತಿದ್ದರೋ ಏನೋ. ಅಣ್ಣ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು, ಕೋಟು ಹರಿದದ್ದು, ಇಳಿದು ಬಂದದ್ದು ಎಲ್ಲ ಹೇಳಿದರು. ಹರಿದಿದ್ದರಿಂದಲೇ ಬದುಕಿದೆ ಎಂದಾಗ ಚಾಚಾನ ಮುಖದಲ್ಲಿ ಮೂಡಿದ್ದನ್ನು ನಗು ಎನ್ನಬೇಕೋ ಬೇಡವೋ… ತಮ್ಮ ತಪ್ಪನ್ನು ಎಂದೂ ಒಪ್ಪದ ವ್ಯಾಪಾರಿ ಅವರು. ತಮ್ಮ ಕೆಟ್ಟ ಸರಕು ಒಬ್ಬನನ್ನು ಉಳಿಸಿತು ಎಂದರೆ ಏನನ್ನಬೇಕು ಎಂದು ಅವರಿಗೆ ತೋಚಲಿಲ್ಲ.

ಆಮೇಲೆ ತಲೆ ಎತ್ತಿ ಕೇಳಿದರು. "ಮತ್ತೆ, ಹೋಗಿದ್ದು ಯಾರು?"

ಗೊತ್ತಿಲ್ಲ ಎಂದರು ಅಣ್ಣ. ಬೇರೆ ಊರಿನವರು.

"ಅವನಿಗೂ ಯಾರೋ ಒಬ್ಬರು ಸಾಕು ಅಂದಿರ್ತಾರೆ," ಎಂದರು ಚಾಚಾ. ಅಣ್ಣನ ಕಡೆ ತಿರುಗಿ, "ನೀನು ಇದೀಯ ಅಂತ ನಂಗೆ ಖುಷಿ ಆಯ್ತು. ಅವನ ತಾಯಿ ನೆನಪಾಗಿ ಆ ಖುಷಿಗೆ ನಾಚಿಕೆನೂ ಆಯ್ತು. ಅಲ್ಲಾಹ್ ಮಾಫ್ ಮಾಡ್ಲಿ," ಎಂದರು.

ಮೂವರೂ ಟೀ ಕುಡಿದೆವು. ಅಣ್ಣ ಹೊರಡಲು ಎದ್ದಾಗ ಚಾಚಾ ಬಿಡಲಿಲ್ಲ. ಸೂರಿನಿಂದ ಒಳ್ಳೆಯ ಕೋಟೊಂದನ್ನು ಇಳಿಸಿದರು, ನೀಲಿ ಬಣ್ಣದ್ದು. ತೊಡಿಸಿ ಕೈ ಎತ್ತು ಎಂದರು. ಗುಂಡಿಗಳು ಹೊಟ್ಟೆಯ ಮೇಲೆ ಸೇರಲೇ ಇಲ್ಲ. ಇನ್ನೊಂದು ಇಳಿಸಿದರು, ಮತ್ತೊಂದು. ಮೂರನೆಯದು ಹಿಡಿಯಿತು. ಮಗ್ಗಿನಲ್ಲಿ ನೀರು ಸುರಿದು, ಹೊಲಿಗೆಯ ಒಳಗೆ ಬೆರಳಾಡಿಸಿ ನೋಡಿ, ಅಲ್ಲಿ ನೀರಿಲ್ಲ ಎಂದು ಖಾತ್ರಿಯಾದ ಮೇಲೆ ಅವರ ಬೆನ್ನು ತಟ್ಟಿ ಕಳಿಸಿದರು. ಕಾಡಿಗೆ ಹೋಗದ ಮನುಷ್ಯನಿಗೆ ಕಾಡಿನ ಕೋಟು. ಅಣ್ಣ ಅದನ್ನು ತೊಟ್ಟೇ ಭದ್ರಾವತಿ ಬಸ್ಸು ಹತ್ತಿದರು. ಅಂದು ಮಳೆ ಇರಲಿಲ್ಲ.

ಅದಾದ ಮೇಲೆ ಚಾಚಾ ಬದಲಾದರು ಎಂದರೆ ಸುಳ್ಳಾದೀತು. ಅದೇ ಬಕೆಟ್ಟು, ಅದೇ ವಾದ. ಇಂಬಳ ಮತ್ತು ಸುಣ್ಣದ ವಿಷಯದಲ್ಲಿ ಕೊನೆಯವರೆಗೂ ಸೋಲೊಪ್ಪಲಿಲ್ಲ. ಅಣ್ಣ ಹಬ್ಬಕ್ಕೆ ಬಂದು ಹೋಗುತ್ತಿದ್ದರು. ಅಂಗಡಿಯ ಶಟರು ಅರ್ಧಕ್ಕೆ ನಿಂತು ಏಳುತ್ತಿರಲಿಲ್ಲವೆಂದು ಅದರ ಸರಳನ್ನು ತಮ್ಮ ಲೇತಿನಲ್ಲಿ ತಿರುವಿ ತಂದು ಕೂರಿಸಿಕೊಟ್ಟರು. ಎರಡು ಮಳೆಗಾಲ ಕಳೆದ ಮೇಲೆ, ಚಳಿಗಾಲದ ಒಂದು ಬೆಳಿಗ್ಗೆ ಚಾಚಾ ತೀರಿಕೊಂಡರು. ಎದೆನೋವು. ಆಸ್ಪತ್ರೆಗೆ ಒಯ್ಯುವ ಮೊದಲೇ ಆಗಿಹೋಗಿತ್ತು. ಮಣ್ಣು ಕೊಡಲು ಅಣ್ಣ ಹೋಗಿದ್ದರು. ನಾನು ಹೆಂಗಸರ ಜೊತೆ ಮನೆಯಲ್ಲಿ ಕೂತಿದ್ದೆ.

ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಗಲ್ಲಿಯ ಮುಂದೆ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ. ಚಾಚಾನ ಹೆಂಡತಿ, ನಮ್ಮ ಚಾಚಿ, ಮಗಳ ಜೊತೆ ಭದ್ರಾವತಿಯಲ್ಲಿದ್ದಾರೆ. ಅಮ್ಮನನ್ನು ನೋಡಲು ಹೋದಾಗ ಒಮ್ಮೊಮ್ಮೆ ಅವರಲ್ಲಿಗೂ ಹೋಗುತ್ತೇನೆ. ಅಕ್ಕನ ಮಗಳು ಜಾಕೆಟ್ಟು ವಾಪಸ್ ಕಳಿಸಿ ಊರಿಗೆ ಹೊರಟ ಮೇಲೆ ಯಾಕೋ ತಡೆಯಲಾಗದೆ, ಮೊನ್ನೆ ಭಾನುವಾರ ಹೋದೆ.

ಚಾಚಿ ಕಿಟಕಿಯ ಪಕ್ಕ ಮಂಚದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಹೊರಗೆ ಮಳೆ ಹನಿಯಲು ಶುರುವಾಗಿತ್ತು. ಎಷ್ಟೋ ಸಲ ಹೋಗಿದ್ದರೂ ಆವರೆಗೆ ಹೇಳದ ಮಾತನ್ನು ಅಂದು ಹೇಳಿದರು.

"ಮದುವೆಯಾಗಿ ಎಷ್ಟೋ ವರ್ಷ ಚೆನ್ನಾಗಿ ಮಲಗ್ತಿದ್ರಮ್ಮ. ಆಮೇಲೆ ಏನಾಯ್ತೋ, ಮಳೆ ಬಂತಂದ್ರೆ ಎದ್ದು ಕೂರೋರು. ಯಾಕೆ ಅಂದ್ರೆ ಅಂಗಡಿ ಸೋರುತ್ತೇನೋ ಅನ್ನೋರು. ಅಂಗಡಿ ಒಂದು ದಿನ ಸೋರಿದ್ದಿಲ್ಲ. ನೀನು ಆ ಲೇತ್ ಹುಡುಗನ್ನ ಕರ್ಕೊಂಡು ಬಂದ ಮೇಲೆ ನಂಗೆಲ್ಲ ಹೇಳಿದ್ರು. ಅವತ್ತಿಂದ ಎಂಥ ಮಳೆ ಬಂದ್ರೂ ಗೊರಕೆ. ಓಣಿಗೆಲ್ಲ ಕೇಳೋದು. ನಂಗೇ ನಿದ್ದೆ ಇಲ್ಲ."

ಇಬ್ಬರೂ ನಕ್ಕೆವು. ಮಳೆ ಜೋರಾಯಿತು. ಚಾಚಿ ಮೊರವನ್ನು ಪಕ್ಕಕ್ಕಿಟ್ಟು, ಕಿಟಕಿಯ ಒಂದು ಬಾಗಿಲು ಮುಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟರು.

"ಈಗ ಮಳೆ ಬಂದ್ರೆ ನಾನು ಎದ್ದು ಕೂರ್ತೀನಿ," ಎಂದರು. "ಗೊರಕೆ ಇಲ್ಲ ನೋಡು…"